ಎರಡು ಪಟ್ಟಿಗಳ ನಡುವೆ ಉಳಿದವರು: ಅಂಗವೈಕಲ್ಯವುಳ್ಳ ಹಿರಿಯ ನಾಗರಿಕರು ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ)



ಪ್ರತಿಯೊಂದು ಗ್ರಾಮ ಪಂಚಾಯತಿಯ ವ್ಯಾಪ್ತಿಗೆ ಸಂಬಂಧಿಸಿದಂತೆ ಎರಡು ಪಟ್ಟಿಗಳಿವೆ. ಮೊದಲನೆಯದು ಕಂದಾಯ ಇಲಾಖೆಯ ಬಳಿ ಇರುವ ವೃದ್ಧಾಪ್ಯ ವೇತನ ಹಾಗೂ ಸಂಧ್ಯಾ ಸುರಕ್ಷಾ ಯೋಜನೆಯ ಫಲಾನುಭವಿಗಳ ಪಟ್ಟಿ. ಎರಡನೆಯದು ನಮ್ಮ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನಿರ್ವಹಿಸುವ ವಿಕಲಚೇತನರ ಪಟ್ಟಿ. ಮೊದಲನೆಯದರಲ್ಲಿ ವಯಸ್ಸು ನಮೂದಾಗಿರುತ್ತದೆ, ಅಂಗವೈಕಲ್ಯದ ವಿವರ ಇರುವುದಿಲ್ಲ. ಎರಡನೆಯದರಲ್ಲಿ ಅಂಗವೈಕಲ್ಯದ ವಿವರ ಇರುತ್ತದೆ. ಆದರೆ ವಯಸ್ಸಾದ ಮೇಲೆ ದೃಷ್ಟಿ, ಶ್ರವಣ ಅಥವಾ ನಡಿಗೆಯ ಶಕ್ತಿ ಕಳೆದುಕೊಂಡ ಅನೇಕರ ಹೆಸರು ಅದರೊಳಗೆ ಬಂದಿರುವುದೇ ಇಲ್ಲ. ಹೀಗಾಗಿ ಯಾರಿಗೆ ನೆರವು ಅತ್ಯಂತ ಅಗತ್ಯವೋ ಅವರು ಎರಡೂ ಪಟ್ಟಿಗಳ ನಡುವೆ ಉಳಿದುಬಿಡುತ್ತಾರೆ. ಸಾಮಾನ್ಯ ದಿನಗಳಲ್ಲಿ ಇದರಿಂದ ಒಂದು ಊರುಗೋಲು ಅಥವಾ ಒಂದು ಶ್ರವಣ ಸಾಧನ ತಪ್ಪಬಹುದು. ಮಲಪ್ರಭೆಗೆ ನೆರೆ ಬಂದ ರಾತ್ರಿಯಲ್ಲಿ ಜೀವವೇ ಹೋಗಬಹುದು. ಈ ಅಂತರವನ್ನು ಗ್ರಾಮ ಪಂಚಾಯತಿ ತನ್ನ ಮಟ್ಟದಲ್ಲಿಯೇ ಹೇಗೆ ತುಂಬಬಹುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

1. ಇವರು ಲೆಕ್ಕಕ್ಕೆ ಏಕೆ ಸಿಗುವುದಿಲ್ಲ?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಅದೇ ಗಣತಿಯಲ್ಲಿ ದೇಶದ ಹಿರಿಯ ನಾಗರಿಕರ ಪೈಕಿ ನೂರಕ್ಕೆ ಸುಮಾರು ಐವರು ಮಾತ್ರ ಅಂಗವೈಕಲ್ಯವುಳ್ಳವರೆಂದು ದಾಖಲಾದರು. ಆದರೆ ವಿಶ್ವಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 60 ವರ್ಷ ದಾಟಿದವರ ಪೈಕಿ ನೂರಕ್ಕೆ 46ಕ್ಕೂ ಹೆಚ್ಚು ಜನರಿಗೆ ಒಂದಲ್ಲ ಒಂದು ಬಗೆಯ ಅಂಗವೈಕಲ್ಯವಿದೆ. ಎರಡೂ ಎಣಿಕೆಗಳ ವ್ಯಾಖ್ಯೆ ಬೇರೆಬೇರೆ ಎಂಬುದು ನಿಜ. ಆದರೂ ಐದು ಮತ್ತು ನಲವತ್ತಾರರ ನಡುವಣ ಅಂತರ ಕೇವಲ ವ್ಯಾಖ್ಯೆಯಿಂದ ಬಂದದ್ದಲ್ಲ. ಪ್ರಶ್ನೆ ಕೇಳುವ ರೀತಿಯಿಂದಲೂ ಬಂದದ್ದು.

ಈ ಅಂಕಿಗಳನ್ನು ನಮ್ಮ ಅಳತೆಗೆ ಇಳಿಸಿ ನೋಡೋಣ. 6,000 ಜನಸಂಖ್ಯೆಯ ಒಂದು ಗ್ರಾಮ ಪಂಚಾಯತಿ ಎಂದಿಟ್ಟುಕೊಳ್ಳಿ. 2011ರಲ್ಲಿ ರಾಜ್ಯದ ಜನಸಂಖ್ಯೆಯಲ್ಲಿ ಹಿರಿಯ ನಾಗರಿಕರ ಪಾಲು ಸುಮಾರು ಶೇ. 9.5. ಆ ಲೆಕ್ಕದಲ್ಲಿ ಹಿರಿಯರ ಸಂಖ್ಯೆ 570. ನೂರಕ್ಕೆ ಐವರಂತೆ ಹಿಡಿದರೆ ಅಂಗವೈಕಲ್ಯವುಳ್ಳ ಹಿರಿಯರು 28 ಅಥವಾ 29. ನೂರಕ್ಕೆ 46ರಂತೆ ಹಿಡಿದರೆ 262. ವಾಸ್ತವ ಸಂಖ್ಯೆ ಇವೆರಡರ ನಡುವೆ ಎಲ್ಲಿಯೋ ಇದ್ದೀತು. ಅದು ಎಲ್ಲಿದೆ ಎಂಬುದನ್ನು ಮನೆಮನೆಗೆ ಹೋಗಿ ಕೇಳಿದ ಪಂಚಾಯತಿ ಮಾತ್ರ ಹೇಳಬಲ್ಲದು.

ಹೆಸರು ತಪ್ಪಿಹೋಗಲು ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು, ನಮ್ಮ ಮಾತಿನ ರೂಢಿ. ಹತ್ತಾರು ವರ್ಷ ಕುಣಿಮಗ್ಗದಲ್ಲಿ ಕುಳಿತು ಇಳಕಲ್ ಸೀರೆಯನ್ನೋ ಗುಳೇದಗುಡ್ಡದ ಖಣವನ್ನೋ ನೇಯ್ದ ಹಿರಿಯರೊಬ್ಬರ ದೃಷ್ಟಿ ಮಂದವಾಗಿರುತ್ತದೆ, ಮಂಡಿ ಮಡಚಲಾಗದಂತೆ ಆಗಿರುತ್ತದೆ. ಅವರನ್ನು “ನೀವು ಅಂಗವಿಕಲರೇ?” ಎಂದು ಕೇಳಿದರೆ ಬರುವ ಉತ್ತರ “ಅಂಗವಿಕಲ ಅಲ್ಲರೀ, ವಯಸ್ಸಾಗೇತಿ ಅಷ್ಟ” ಎಂಬುದೇ. ಕುಟುಂಬದವರೂ ಹಾಗೆಯೇ ಹೇಳುತ್ತಾರೆ. ಸಮೀಕ್ಷೆ ಮಾಡುವವರು ಹಾಗೆಯೇ ಬರೆದುಕೊಳ್ಳುತ್ತಾರೆ. ಹುಟ್ಟಿನಿಂದ ಬಂದದ್ದು ಅಂಗವೈಕಲ್ಯ, ವಯಸ್ಸಿನಿಂದ ಬಂದದ್ದು ಸಹಜ ಎಂಬ ಈ ಭೇದ ಕಾನೂನಿನಲ್ಲಿ ಎಲ್ಲಿಯೂ ಇಲ್ಲ.

ಎರಡನೆಯದು, ಮಾಸಾಶನದ ನಿಯಮ. ಸಾಮಾಜಿಕ ಭದ್ರತಾ ಮಾಸಾಶನಗಳಲ್ಲಿ ಒಬ್ಬರಿಗೆ ಒಂದು ಮಾತ್ರ ದೊರೆಯುತ್ತದೆ. ಈಗಾಗಲೇ ಸಂಧ್ಯಾ ಸುರಕ್ಷಾ ಪಡೆಯುತ್ತಿರುವವರಿಗೆ ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿಕೊಳ್ಳಲು ಯಾವ ಪ್ರೇರಣೆಯೂ ಉಳಿಯುವುದಿಲ್ಲ. ಪ್ರಮಾಣಪತ್ರದಿಂದ ಸಾಧನ ಸಲಕರಣೆ, ಪ್ರಯಾಣ ರಿಯಾಯಿತಿ, ಪಂಚಾಯತಿಯ ಮೀಸಲು ನಿಧಿ ಮುಂತಾದ ಬೇರೆ ಸೌಲಭ್ಯಗಳಿಗೂ ದಾರಿಯಾಗುತ್ತದೆ ಎಂಬುದನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ.

ಮೂರನೆಯದು, ಗುಳೆ. ಬಾದಾಮಿ, ಹುನಗುಂದ ಭಾಗದಿಂದ ದುಡಿಯುವ ವಯಸ್ಸಿನವರು ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಹಿರಿಯರು ಮತ್ತು ಮಕ್ಕಳು. ಅರ್ಜಿ ತುಂಬಿ, ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸರದಿಯಲ್ಲಿ ನಿಲ್ಲುವವರು ಊರಿನಲ್ಲಿ ಇರುವುದಿಲ್ಲ.

2. ಕಾನೂನು ಏನು ಹೇಳುತ್ತದೆ?

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಏಪ್ರಿಲ್ 2017ರಿಂದ ಜಾರಿಯಲ್ಲಿದೆ. ಅದರಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಲಾಗಿದೆ. ಮಂದದೃಷ್ಟಿ, ಶ್ರವಣದೋಷ, ಚಲನವೈಕಲ್ಯಗಳ ಜೊತೆಗೆ ಹೆಚ್ಚಾಗಿ ಇಳಿವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಪಾರ್ಕಿನ್ಸನ್ ಕಾಯಿಲೆಯೂ ಅದರಲ್ಲಿ ಸೇರಿದೆ. ಪ್ರಮಾಣಪತ್ರ ಪಡೆಯಲು ವಯಸ್ಸಿನ ಗರಿಷ್ಠ ಮಿತಿ ಇಲ್ಲ. ಸದಸ್ಯರು ನೆನಪಿಡಬೇಕಾದ ಎರಡು ಕಲಂಗಳು ಇವು:

ಕಲಂ 8: ನೈಸರ್ಗಿಕ ವಿಕೋಪ ಹಾಗೂ ಮಾನವೀಯ ತುರ್ತು ಸಂದರ್ಭಗಳಲ್ಲಿ ವಿಕಲಚೇತನರಿಗೆ ಇತರರಿಗೆ ಸಮನಾದ ರಕ್ಷಣೆ ದೊರೆಯಬೇಕು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ವಿಕಲಚೇತನರ ವಿವರಗಳ ದಾಖಲೆ ಇಟ್ಟುಕೊಂಡು, ಅಪಾಯದ ಸಂದರ್ಭವನ್ನು ಅವರಿಗೆ ತಿಳಿಸಲು ಸೂಕ್ತ ಕ್ರಮ ಕೈಗೊಳ್ಳಬೇಕು. ಜಿಲ್ಲೆಯ ದಾಖಲೆ ಪೂರ್ಣವಾಗುವುದು ಗ್ರಾಮದ ದಾಖಲೆ ಪೂರ್ಣವಾದಾಗ ಮಾತ್ರ.

ಕಲಂ 37: ವಸತಿ ಹಾಗೂ ಬಡತನ ನಿವಾರಣಾ ಯೋಜನೆಗಳಲ್ಲಿ, ಶೇ. 40 ಅಥವಾ ಅದಕ್ಕೂ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಶೇ. 5 ಮೀಸಲಾತಿ ಇರಬೇಕು; ಅದರಲ್ಲಿ ಮಹಿಳೆಯರಿಗೆ ಆದ್ಯತೆ ದೊರೆಯಬೇಕು.

ಇದರೊಂದಿಗೆ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮ, 2007 ಇದೆ. ಮಕ್ಕಳಿಂದ ನಿರ್ಲಕ್ಷ್ಯಕ್ಕೆ ಒಳಗಾದ ಹಿರಿಯರು ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ, ಅಂದರೆ ಉಪವಿಭಾಗಾಧಿಕಾರಿಗಳ ಮುಂದೆ, ಅರ್ಜಿ ಸಲ್ಲಿಸಬಹುದು. ಅಂತರರಾಷ್ಟ್ರೀಯ ಮಟ್ಟದಲ್ಲಿ, ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿದೆ. ವಿಪತ್ತು ಪರಿಹಾರದಲ್ಲಿ ಹಿರಿಯರು ಮತ್ತು ವಿಕಲಚೇತನರನ್ನು ಒಳಗೊಳ್ಳುವ ಬಗ್ಗೆ 2018ರಲ್ಲಿ ಪ್ರಕಟವಾದ ಮಾನದಂಡಗಳು ಮೊದಲು ಹೇಳುವುದೂ ಇದನ್ನೇ: ಮೊದಲು ಅವರನ್ನು ಗುರುತಿಸಿ.

3. ಗುರುತಿಸುವ ವಿಧಾನ: ಆರು ಪ್ರಶ್ನೆಗಳು

ವಾಷಿಂಗ್ಟನ್ ಗ್ರೂಪ್ ಎಂಬ ಅಂತರರಾಷ್ಟ್ರೀಯ ಅಂಕಿಅಂಶ ತಜ್ಞರ ತಂಡವು ಸಿದ್ಧಪಡಿಸಿದ ಆರು ಪ್ರಶ್ನೆಗಳು ಇಂದು ಅನೇಕ ದೇಶಗಳ ಸಮೀಕ್ಷೆಗಳಲ್ಲಿ ಬಳಕೆಯಲ್ಲಿವೆ. ಇವುಗಳ ವಿಶೇಷವೆಂದರೆ “ಅಂಗವಿಕಲ” ಎಂಬ ಪದವೇ ಇವುಗಳಲ್ಲಿ ಬರುವುದಿಲ್ಲ.

ಅ) ಕನ್ನಡಕ ಹಾಕಿಕೊಂಡರೂ ನೋಡಲು ತೊಂದರೆ ಇದೆಯೇ?
ಆ) ಶ್ರವಣ ಸಾಧನ ಬಳಸಿದರೂ ಕೇಳಿಸಿಕೊಳ್ಳಲು ತೊಂದರೆ ಇದೆಯೇ?
ಇ) ನಡೆಯಲು ಅಥವಾ ಮೆಟ್ಟಿಲು ಹತ್ತಲು ತೊಂದರೆ ಇದೆಯೇ?
ಈ) ನೆನಪಿಟ್ಟುಕೊಳ್ಳಲು ಅಥವಾ ಗಮನ ಕೊಡಲು ತೊಂದರೆ ಇದೆಯೇ?
ಉ) ಸ್ನಾನ ಮಾಡುವುದು, ಬಟ್ಟೆ ಹಾಕಿಕೊಳ್ಳುವುದು ಮುಂತಾದ ಸ್ವಂತ ಕೆಲಸಗಳಿಗೆ ತೊಂದರೆ ಇದೆಯೇ?
ಊ) ತಮ್ಮ ಮಾತನ್ನು ಇತರರಿಗೆ ತಿಳಿಸಲು ಅಥವಾ ಇತರರ ಮಾತನ್ನು ಅರ್ಥಮಾಡಿಕೊಳ್ಳಲು ತೊಂದರೆ ಇದೆಯೇ?

ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರಗಳು: ತೊಂದರೆ ಇಲ್ಲ, ಸ್ವಲ್ಪ ತೊಂದರೆ, ಬಹಳ ತೊಂದರೆ, ಆಗುವುದೇ ಇಲ್ಲ. ಯಾವುದಾದರೂ ಒಂದು ಪ್ರಶ್ನೆಗೆ “ಬಹಳ ತೊಂದರೆ” ಅಥವಾ “ಆಗುವುದೇ ಇಲ್ಲ” ಎಂಬ ಉತ್ತರ ಬಂದರೆ ಅವರ ಹೆಸರನ್ನು ಪಟ್ಟಿಗೆ ಸೇರಿಸಬೇಕು. ಇದು ವೈದ್ಯಕೀಯ ಪ್ರಮಾಣಪತ್ರವಲ್ಲ. ಪ್ರಮಾಣಪತ್ರಕ್ಕೆ ಪರ್ಯಾಯವೂ ಅಲ್ಲ. ಯಾರನ್ನು ತಪಾಸಣೆಗೆ ಕಳುಹಿಸಬೇಕು, ಯಾರಿಗೆ ತುರ್ತು ಸಮಯದಲ್ಲಿ ನೆರವು ಬೇಕು ಎಂಬುದನ್ನು ತಿಳಿಯುವ ಸಾಧನ.

ಪ್ರಶ್ನೆಗಳನ್ನು ಊರಿನ ಆಡುಮಾತಿನಲ್ಲಿಯೇ ಕೇಳಬೇಕು. ಉತ್ತರವನ್ನು ಮಗ ಅಥವಾ ಸೊಸೆಯಿಂದಲ್ಲದೆ, ಸಾಧ್ಯವಿರುವಷ್ಟು ಮಟ್ಟಿಗೆ ಹಿರಿಯರಿಂದಲೇ ಪಡೆಯಬೇಕು. ಒಂಟಿಯಾಗಿ ವಾಸಿಸುವ ವಿಧವೆಯರ ಮನೆಗಳನ್ನು ಬಿಡದೆ ಭೇಟಿ ಮಾಡಬೇಕು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ವಾರ್ಡ್ ಸದಸ್ಯರ ಜೊತೆಗೂಡಿದರೆ ಒಂದು ವಾರ್ಡಿನ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ.

4. ಪಟ್ಟಿಯಲ್ಲಿ ಏನಿರಬೇಕು?

ಹೆಸರು, ವಯಸ್ಸು, ಮನೆ ಸಂಖ್ಯೆ, ಯಾವ ಬಗೆಯ ತೊಂದರೆ, ಬಳಸುವ ಸಾಧನ, ಪ್ರತಿದಿನ ತೆಗೆದುಕೊಳ್ಳುವ ಔಷಧಿ, ದೂರದಲ್ಲಿರುವ ಮಕ್ಕಳ ದೂರವಾಣಿ ಸಂಖ್ಯೆ ಇಷ್ಟು ಸಾಲದು. ಕೊನೆಯ ಕಾಲಮಿನಲ್ಲಿ ಒಬ್ಬ ನೆರವುಗಾರರ ಹೆಸರು ಇರಲೇಬೇಕು. ಆ ನೆರವುಗಾರರು ಗೋವಾದಲ್ಲಿರುವ ಮಗನಾಗಿರಬಾರದು. ಎರಡು ಮನೆ ಆಚೆ ಇರುವ, ರಾತ್ರಿ ಹೊತ್ತು ಐದು ನಿಮಿಷದಲ್ಲಿ ಬರಬಲ್ಲ ಒಬ್ಬರಾಗಿರಬೇಕು. ಅವರೂ ಊರಲ್ಲಿ ಇಲ್ಲದಿದ್ದರೆ ಎಂದು ಎರಡನೆಯ ಹೆಸರೊಂದನ್ನು ಬರೆದಿಟ್ಟುಕೊಳ್ಳಬೇಕು. ಇಬ್ಬರ ಒಪ್ಪಿಗೆಯನ್ನೂ ಹಿರಿಯರ ಒಪ್ಪಿಗೆಯನ್ನೂ ಪಡೆದಿರಬೇಕು.

ಈ ಕ್ರಮ ಹೊಸದೇನಲ್ಲ. 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪ ಮತ್ತು ಸುನಾಮಿ ಸಂಭವಿಸಿದಾಗ ಮೃತಪಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 60 ವರ್ಷ ದಾಟಿದವರಾಗಿದ್ದರು. ತಂತ್ರಜ್ಞಾನದಲ್ಲಿ ಅಷ್ಟು ಮುಂದುವರಿದ ದೇಶದಲ್ಲಿಯೂ ಎಚ್ಚರಿಕೆಯ ಗಂಟೆ ಮೊಳಗಿದ ಮೇಲೆ ಅವರನ್ನು ಕೈಹಿಡಿದು ಕರೆದೊಯ್ಯುವವರು ಯಾರು ಎಂಬುದು ಎಲ್ಲ ಕಡೆ ನಿಶ್ಚಯವಾಗಿರಲಿಲ್ಲ. ಆ ಬಳಿಕ, 2013ರಲ್ಲಿ, ನೆರವು ಬೇಕಾದವರ ಪಟ್ಟಿ ಇಡುವುದನ್ನು ಅಲ್ಲಿನ ಸ್ಥಳೀಯ ಸಂಸ್ಥೆಗಳ ಹೊಣೆಯನ್ನಾಗಿ ಮಾಡಲಾಯಿತು. 2021ರಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಸ್ಥಳಾಂತರ ಯೋಜನೆ ರೂಪಿಸಲು ಕಾನೂನಿನಲ್ಲಿ ಅವಕಾಶ ಮಾಡಲಾಯಿತು. ಅದರ ತಿರುಳು ಒಂದು ಹೆಸರಿಗೆ ಒಬ್ಬ ನೆರವುಗಾರ ಎಂಬುದೇ.

ಒಂದು ಎಚ್ಚರಿಕೆ: ಈ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಬಾರದು, ವಾಟ್ಸಾಪ್ ಗುಂಪುಗಳಿಗೆ ಹಾಕಬಾರದು. ಒಂಟಿಯಾಗಿರುವ, ದೃಷ್ಟಿ ಮಂದವಾದ ಹಿರಿಯರ ವಿಳಾಸ ಕಳ್ಳರಿಗೂ ವಂಚಕರಿಗೂ ಉಪಯೋಗವಾಗುವ ಮಾಹಿತಿ. ಒಂದು ಪ್ರತಿ ಪಂಚಾಯತಿ ಕಚೇರಿಯಲ್ಲಿ, ಆಯಾ ವಾರ್ಡಿನ ಭಾಗ ಮಾತ್ರ ಆಯಾ ಸದಸ್ಯರಲ್ಲಿ ಇದ್ದರೆ ಸಾಕು.

5. ನೆರೆ ಬಂದಾಗ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ನೆರೆಯನ್ನು, 2019ರ ಆಗಸ್ಟ್ ತಿಂಗಳ ನೆರೆಯನ್ನು ನಮ್ಮ ಜಿಲ್ಲೆ ಮರೆತಿಲ್ಲ. 2019ರಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ಮಲಪ್ರಭೆಯ ನೀರು ನುಗ್ಗಿತ್ತು. ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ, ಬೆಣ್ಣೆಹಳ್ಳ ತುಂಬಿ ಹರಿದಾಗ ಬಾದಾಮಿ, ಹುನಗುಂದ ತಾಲ್ಲೂಕುಗಳ ತೀರದ ಊರುಗಳಿಗೆ ಅಪಾಯ ತಪ್ಪಿದ್ದಲ್ಲ. ಪ್ರತಿ ಹಂತದಲ್ಲಿಯೂ ಯಾರು ಹಿಂದೆ ಉಳಿಯುತ್ತಾರೆ ಎಂದು ಕೇಳಿಕೊಳ್ಳಬೇಕು.

ಎಚ್ಚರಿಕೆ: ಡಂಗುರ ಮತ್ತು ಧ್ವನಿವರ್ಧಕ ಕಿವಿ ಕೇಳದವರನ್ನು ಮುಟ್ಟುವುದಿಲ್ಲ. ವಾಟ್ಸಾಪ್ ಸಂದೇಶ ದೃಷ್ಟಿ ಇಲ್ಲದವರನ್ನು ಮುಟ್ಟುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿರುವವರ ಮನೆಗೆ ನೆರವುಗಾರರೇ ಹೋಗಿ ಬಾಗಿಲು ತಟ್ಟಬೇಕು. ಹೋಗಿ ತಿಳಿಸಿದ್ದನ್ನು ಪಂಚಾಯತಿಗೆ ವರದಿ ಮಾಡಬೇಕು.

ಸ್ಥಳಾಂತರ: ಟ್ರ್ಯಾಕ್ಟರ್ ಟ್ರಾಲಿಯ ಎತ್ತರಕ್ಕೆ ಮಂಡಿನೋವಿನ ಹಿರಿಯರು ಹತ್ತಲಾರರು. ಗಟ್ಟಿಯಾದ ಕುರ್ಚಿಯೊಂದರಲ್ಲಿ ಕೂರಿಸಿ ಇಬ್ಬರು ಎತ್ತುವುದು ಸುರಕ್ಷಿತ. ಊರುಗೋಲು, ಕನ್ನಡಕ, ಶ್ರವಣ ಸಾಧನ, ಒಂದು ವಾರದ ಔಷಧಿ, ಆಧಾರ್ ಮತ್ತು ಪಾಸ್‌ಬುಕ್ ಒಂದೇ ಚೀಲದಲ್ಲಿ ಮೊದಲೇ ಸಿದ್ಧವಾಗಿರಬೇಕು. ಹಿರಿಯರು ಮನೆ ಬಿಡಲು ಒಪ್ಪದಿರುವುದಕ್ಕೆ ಹಲವು ಸಲ ಕೊಟ್ಟಿಗೆಯ ದನಕರುಗಳೇ ಕಾರಣ. ದನಗಳನ್ನು ಎಲ್ಲಿ ಕಟ್ಟುವುದು ಎಂಬುದನ್ನು ಮೊದಲೇ ತಿಳಿಸಿದರೆ ಅವರು ಬೇಗ ಹೊರಡುತ್ತಾರೆ.

ಕಾಳಜಿ ಕೇಂದ್ರ: ಸಾಮಾನ್ಯವಾಗಿ ಶಾಲೆಯೇ ಕಾಳಜಿ ಕೇಂದ್ರ. ಹಿರಿಯರಿಗೆ ನೆಲಮಹಡಿಯಲ್ಲಿ, ಶೌಚಾಲಯಕ್ಕೆ ಹತ್ತಿರದ ಕೋಣೆ ಕೊಡಬೇಕು. ದಾರಿಯಲ್ಲಿ ರಾತ್ರಿಯಿಡೀ ದೀಪ ಇರಬೇಕು. ಕುಕ್ಕರಗಾಲಲ್ಲಿ ಕೂರಲಾಗದವರಿಗೆ ಕುರ್ಚಿಯ ಮಾದರಿಯ ಶೌಚಾಸನ ಬೇಕು. ಅದಿಲ್ಲದಿದ್ದರೆ ಅನೇಕ ಹಿರಿಯರು, ವಿಶೇಷವಾಗಿ ಮಹಿಳೆಯರು, ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದರಿಂದ ಕಾಯಿಲೆ ಬೀಳುತ್ತಾರೆ. ಹಲ್ಲಿಲ್ಲದವರಿಗೆ ಮೆತ್ತನೆಯ ಅನ್ನ ಅಥವಾ ಗಂಜಿ ಇರಲಿ. ಪರಿಹಾರ ಸಾಮಗ್ರಿ ಹಂಚುವಾಗ ಅವರನ್ನು ಸರದಿಯಲ್ಲಿ ನಿಲ್ಲಿಸದೆ ಅವರಿರುವ ಕಡೆಗೇ ತಲುಪಿಸಬೇಕು.

ಪುನರ್ವಸತಿ: 2009ರ ನೆರೆಯ ನಂತರ “ಆಸರೆ” ಯೋಜನೆಯಡಿ ಅನೇಕ ಊರುಗಳಿಗೆ ಹೊಸ ಬಡಾವಣೆಗಳಾದವು. ಸ್ಥಳ ಬದಲಾದಾಗ ನ್ಯಾಯಬೆಲೆ ಅಂಗಡಿ, ನೀರಿನ ನಲ್ಲಿ, ಬಸ್ ನಿಲ್ದಾಣ, ದೇವಸ್ಥಾನ ಎಲ್ಲದರ ದೂರವೂ ಬದಲಾಗುತ್ತದೆ. ಯುವಕರಿಗೆ ಅರ್ಧ ಕಿಲೋಮೀಟರ್ ಲೆಕ್ಕಕ್ಕಿಲ್ಲ. ಕೋಲೂರಿ ನಡೆಯುವವರಿಗೆ ಅದು ಮನೆಯಲ್ಲೇ ಬಂದಿಯಾಗುವ ದೂರ. ಇನ್ನು ಮುಂದೆ ಯಾವುದೇ ಸ್ಥಳಾಂತರ ಅಥವಾ ಮನೆ ಹಂಚಿಕೆಯ ಸಂದರ್ಭದಲ್ಲಿ ಇವರ ಅಭಿಪ್ರಾಯವನ್ನು ಮೊದಲು ಕೇಳುವುದು ನಮ್ಮ ಕರ್ತವ್ಯ.

6. ನದಿಯಿಲ್ಲದ ಊರುಗಳಲ್ಲಿ

ಕೆರೂರ ಭಾಗದ ಸದಸ್ಯರು “ನಮ್ಮಲ್ಲಿ ಹೊಳೆಯೇ ಇಲ್ಲ, ನೆರೆ ಎಲ್ಲಿಂದ ಬರಬೇಕು?” ಎಂದು ಕೇಳಬಹುದು. ನಮ್ಮ ಭಾಗದ ವಿಕೋಪ ಬರ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಬರ ಸದ್ದಿಲ್ಲದೆ ಬರುತ್ತದೆ. ಅದರಲ್ಲಿ ಸೋಲುವವರೂ ಇವರೇ. ಟ್ಯಾಂಕರ್ ಬಂದಾಗ ಕೊಡ ಹಿಡಿದು ಓಡಲಾಗದ ಅಜ್ಜಿಗೆ ಉಳಿದವರು ತುಂಬಿಸಿಕೊಂಡ ಮೇಲೆ ಮಿಕ್ಕಷ್ಟೇ ನೀರು. ಪಟ್ಟಿ ಇದ್ದರೆ, ಆ ಮನೆಗಳಿಗೆ ಮೊದಲು ನೀರು ತುಂಬಿಸುವಂತೆ ನೀರಗಂಟಿಗೆ ಸೂಚನೆ ಕೊಡಲು ಸಾಧ್ಯ. ದುಡಿದು ಸವೆದ ಬೆರಳುಗಳು ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲಿ ಹೊಂದಾಣಿಕೆಯಾಗದೆ ಪಡಿತರ ತಪ್ಪುತ್ತಿದ್ದರೆ ಅದನ್ನು ಆಹಾರ ಇಲಾಖೆಯ ಗಮನಕ್ಕೆ ತಂದು ಬದಲಿ ವ್ಯವಸ್ಥೆ ಮಾಡಿಸಲು ಸಾಧ್ಯ.

7. ಕಾಮಗಾರಿಗಳಲ್ಲಿ ಅಳತೆ

ಪಂಚಾಯತಿಯ ಕಟ್ಟಡಗಳಲ್ಲಿ ಇಳಿಜಾರು ದಾರಿ ಇದೆಯೇ ಎಂದು ಕೇಳಿದರೆ ಸಾಲದು. ಅದರ ಅಳತೆ ಸರಿಯಾಗಿದೆಯೇ ಎಂದು ನೋಡಬೇಕು. ನಿಯಮ ಸುಲಭ: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಕಚೇರಿಯ ಕಟ್ಟೆ ಒಂದೂವರೆ ಅಡಿ ಎತ್ತರವಿದ್ದರೆ ಇಳಿಜಾರು 18 ಅಡಿ ಉದ್ದ ಇರಬೇಕು. ಅದನ್ನು 6 ಅಡಿಯಲ್ಲಿ ಮುಗಿಸಿದರೆ ಗಾಲಿಕುರ್ಚಿ ಹಿಂದಕ್ಕೆ ಉರುಳುತ್ತದೆ, ಕೋಲೂರಿ ಬರುವವರು ಜಾರುತ್ತಾರೆ. ಜಾಗ ಸಾಲದಿದ್ದರೆ ಮಧ್ಯೆ ಸಮತಟ್ಟು ಬಿಟ್ಟು ತಿರುವು ಕೊಡಬಹುದು. ಎರಡೂ ಬದಿಗೆ ಹಿಡಿಕೆ ಇರಬೇಕು. ಮೆಟ್ಟಿಲುಗಳಿಗೂ ಹಿಡಿಕೆ ಬೇಕು, ಏಕೆಂದರೆ ಮಂಡಿನೋವಿನ ಹಲವರಿಗೆ ಇಳಿಜಾರಿಗಿಂತ ಹಿಡಿಕೆಯಿರುವ ಮೆಟ್ಟಿಲೇ ಸುಲಭ. ಇಳಕಲ್ಲಿನ ಗ್ರಾನೈಟ್ ನಮ್ಮ ಹೆಮ್ಮೆಯೇ ಸರಿ. ಆದರೆ ಹೊಳಪು ಕೊಟ್ಟ ಕಲ್ಲು ನೀರು ಬಿದ್ದರೆ ಜಾರುತ್ತದೆ. ನಡೆಯುವ ದಾರಿಗೆ ಒರಟು ಮೇಲ್ಮೈಯ ಕಲ್ಲನ್ನೇ ಹಾಸಬೇಕು. ಶೌಚಾಲಯದ ಬಾಗಿಲು ಕನಿಷ್ಠ 900 ಮಿ.ಮೀ. ಅಗಲವಿದ್ದು ಹೊರಕ್ಕೆ ತೆರೆಯುವಂತಿರಲಿ. ಇವನ್ನು ಅಂದಾಜುಪಟ್ಟಿ ತಯಾರಾಗುವಾಗಲೇ ಸೇರಿಸಿದರೆ ವೆಚ್ಚ ಅಲ್ಪ. ಕಟ್ಟಿದ ಮೇಲೆ ಒಡೆದು ಮಾಡಿದರೆ ವೆಚ್ಚ ದುಪ್ಪಟ್ಟು.

8. ನಿಧಿ ಮತ್ತು ಸೌಲಭ್ಯ

ಪಂಚಾಯತಿಯ ಸ್ವಂತ ಸಂಪನ್ಮೂಲದಲ್ಲಿ ಶೇ. 5ನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ಈ ನಿಧಿಯ ಕ್ರಿಯಾ ಯೋಜನೆ ತಯಾರಿಸುವಾಗ ಹಿರಿಯ ವಿಕಲಚೇತನರ ಹೆಸರುಗಳೂ ಇವೆಯೇ ಎಂದು ಸಾಮಾಜಿಕ ನ್ಯಾಯ ಸಮಿತಿ ಪರಿಶೀಲಿಸಬೇಕು. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಊರುಗೋಲು, ವಾಕರ್, ಶ್ರವಣ ಸಾಧನ, ಕನ್ನಡಕ, ಕೃತಕ ದಂತಪಂಕ್ತಿ, ಗಾಲಿಕುರ್ಚಿ ಒದಗಿಸಲು 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಇದರ ಶಿಬಿರ ನಡೆದಾಗ ನಮ್ಮ ಬಳಿ ಪಟ್ಟಿ ಸಿದ್ಧವಿದ್ದರೆ ಅರ್ಹರನ್ನು ವಾಹನದಲ್ಲಿ ಕರೆದೊಯ್ಯಲು ಸಮಯ ಸಿಗುತ್ತದೆ. ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಮಾಡಿಸಲು ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಹಿರಿಯರ ಸಹಾಯವಾಣಿ 14567, ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತು ಸೇವೆ 112. ಈ ಮೂರು ಸಂಖ್ಯೆಗಳನ್ನು ಪ್ರತಿ ನೆರವುಗಾರರ ಮೊಬೈಲಿನಲ್ಲಿ ಉಳಿಸಿಕೊಡಬೇಕು.

9. ಮಾದರಿ ಠರಾವು

“ಗ್ರಾಮ ಪಂಚಾಯತಿ ವ್ಯಾಪ್ತಿಯ 60 ವರ್ಷ ಮೇಲ್ಪಟ್ಟ ಎಲ್ಲರನ್ನೂ ಆರು ಪ್ರಶ್ನೆಗಳ ಮೂಲಕ ಸಮೀಕ್ಷೆ ಮಾಡಿ, ನೆರವು ಅಗತ್ಯವಿರುವವರ ಪಟ್ಟಿಯನ್ನು ನೆರವುಗಾರರ ಹೆಸರಿನೊಂದಿಗೆ ಮೇ ತಿಂಗಳ ಅಂತ್ಯದೊಳಗೆ ಸಿದ್ಧಪಡಿಸುವುದು, ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಅದನ್ನು ಪರಿಷ್ಕರಿಸುವುದು, ಅದರ ಪ್ರತಿಯನ್ನು ತಹಶೀಲ್ದಾರರಿಗೆ ಹಾಗೂ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೆ ಗೋಪ್ಯವಾಗಿ ಸಲ್ಲಿಸುವುದು, ವಿಕಲಚೇತನರ ಸಮನ್ವಯ ಗ್ರಾಮ ಸಭೆಗೆ ಪಟ್ಟಿಯಲ್ಲಿರುವ ಹಿರಿಯರನ್ನು ಕರೆತರಲು ವಾಹನ ವ್ಯವಸ್ಥೆ ಮಾಡುವುದು ಎಂದು ಸಭೆಯು ಸರ್ವಾನುಮತದಿಂದ ಠರಾಯಿಸಿತು.”

ಸಾಮಾನ್ಯ ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1) ನಿಮ್ಮ ವಾರ್ಡಿನಲ್ಲಿ ಒಂಟಿಯಾಗಿ ವಾಸಿಸುವ, ಸ್ವತಃ ಮನೆಯಿಂದ ಹೊರಬರಲಾಗದ ಹಿರಿಯರ ಹೆಸರುಗಳನ್ನು ಈಗಲೇ ಬರೆಯಿರಿ. ಅವುಗಳಲ್ಲಿ ಎಷ್ಟು ಹೆಸರು ವಿಕಲಚೇತನರ ಪಟ್ಟಿಯಲ್ಲಿವೆ?
2) ನಿಮ್ಮ ಊರಿನ ಕಾಳಜಿ ಕೇಂದ್ರವೆಂದು ಗುರುತಿಸಿರುವ ಕಟ್ಟಡದ ಕಟ್ಟೆಯ ಎತ್ತರ ಎಷ್ಟು? ಇಳಿಜಾರಿನ ಉದ್ದ ಎಷ್ಟು? ಟೇಪಿನಿಂದ ಅಳೆದು ಬನ್ನಿ.
3) ಕಳೆದ ವರ್ಷದ ಶೇ. 5ರ ನಿಧಿಯಲ್ಲಿ 60 ವರ್ಷ ದಾಟಿದವರಿಗೆ ದೊರೆತ ಪಾಲು ಎಷ್ಟು?
4) ಇಂದು ರಾತ್ರಿ ಎಚ್ಚರಿಕೆ ಬಂದರೆ, ಮೊದಲನೆಯ ಪ್ರಶ್ನೆಯಲ್ಲಿ ಬರೆದ ಪ್ರತಿ ಹೆಸರಿನ ಬಾಗಿಲು ತಟ್ಟುವವರು ಯಾರು?

ನಾಲ್ಕನೆಯ ಪ್ರಶ್ನೆಗೆ ಪ್ರತಿ ಹೆಸರಿನ ಮುಂದೆಯೂ ಉತ್ತರ ಬರೆಯಲು ಸಾಧ್ಯವಾದ ದಿನ ನಿಮ್ಮ ವಾರ್ಡಿನ ಪಟ್ಟಿ ಪೂರ್ಣವಾಯಿತೆಂದು ತಿಳಿಯಬಹುದು.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಕೆರೂರ ಹೋಬಳಿ, ಬಾದಾಮಿ ತಾಲ್ಲೂಕು